ಶಕ್ತಿ, ಚಲನೆ, ವಸ್ತು: ದಿನನಿತ್ಯದ ಭೌತಶಾಸ್ತ್ರದ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೆಕ್ಕ ಓದಿದ ತಕ್ಷಣ ಯಾವ ಸೂತ್ರ ಹಾಕಬೇಕು ಅಂತಲೇ ತೋಚುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಸೂತ್ರದಿಂದಂತೂ ಬೇಡ. ಮೊದಲು ಅಲ್ಲಿ ಏನು ನಡೆಯುತ್ತಿದೆ ಅಂತ ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ. "ಚೆಂಡು ಮೇಲಿಂದ ಬೀಳುತ್ತಿದೆ. ಬೀಳುತ್ತಾ ವೇಗ ಏರುತ್ತಿದೆ. ನೆಲ ಮುಟ್ಟುವಾಗ ವೇಗ ಎಷ್ಟು ಅಂತ ಕೇಳಿದ್ದಾರೆ." ಇಷ್ಟು ಹೇಳಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಹೇಳಲು ಬಾರದವರಿಗೆ ಸರಿಯಾದ ಸೂತ್ರ ಕೈಗೆ ಕೊಟ್ಟರೂ ಅದರಲ್ಲಿ ಯಾವ ಅಂಕಿಯನ್ನು ಎಲ್ಲಿ ಹಾಕಬೇಕು ಅಂತ ತಿಳಿಯುವುದಿಲ್ಲ.

ಆಮೇಲೆ ನೋಡಬೇಕಾದದ್ದು: ಲೆಕ್ಕದಲ್ಲಿ ಸಮಯದ ಮಾತು ಇದೆಯಾ? "ಎಷ್ಟು ಹೊತ್ತು", "ಎಷ್ಟು ಸೆಕೆಂಡಿನ ನಂತರ" ಅಂತ ಇದ್ದರೆ ಚಲನೆಯ ಸಮೀಕರಣಗಳು ಬೇಕು. ಸಮಯದ ಸುದ್ದಿಯೇ ಇಲ್ಲದೆ ಎತ್ತರ, ದೂರ, ವೇಗ ಮಾತ್ರ ಇದ್ದರೆ ಶಕ್ತಿಯ ದಾರಿ ಹಿಡಿಯಿರಿ. ಎರಡು ವಸ್ತುಗಳು ಡಿಕ್ಕಿ ಹೊಡೆದರೆ, ಅಥವಾ ಒಂದು ಸಿಡಿದು ಎರಡಾದರೆ, ಸಂವೇಗದಿಂದ (ದ್ರವ್ಯರಾಶಿ × ವೇಗ) ಶುರು ಮಾಡಿ.

ಚೆಂಡಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಎತ್ತರ 5 ಮೀಟರ್. ಮೇಲಿದ್ದಾಗ ಅದರ ಬಳಿ ಇದ್ದದ್ದು ದ್ರವ್ಯರಾಶಿ × 9.8 × 5 ರಷ್ಟು ಪ್ರಚ್ಛನ್ನ ಶಕ್ತಿ. 9.8 ಅನ್ನುವುದು ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವುದು. ಕೆಳಗೆ ಬಂದಾಗ ಅಷ್ಟೂ ಚಲನ ಶಕ್ತಿಯಾಗಿದೆ, ಅಂದರೆ ½ × ದ್ರವ್ಯರಾಶಿ × ವೇಗದ ವರ್ಗ. ಎರಡೂ ಕಡೆ ದ್ರವ್ಯರಾಶಿ ಇದೆ, ಅದು ಹೊಡೆದುಹೋಗುತ್ತದೆ. ಉಳಿಯುವುದು ವೇಗದ ವರ್ಗ = 2 × 9.8 × 5 = 98. ವೇಗ ಸೆಕೆಂಡಿಗೆ ಸುಮಾರು 9.9 ಮೀಟರ್.

ಈಗ ಅದೇ ಚೆಂಡು ನೇರವಾಗಿ ಬೀಳದೆ, ಅಂಕುಡೊಂಕಾದ ನುಣುಪಾದ ಜಾರುದಾರಿಯಲ್ಲಿ ಜಾರಿ ಬಂದರೆ? ಚಲನೆಯ ಸಮೀಕರಣ ಹಿಡಿದು ಹೊರಟರೆ ಪ್ರತಿ ತಿರುವಿನಲ್ಲೂ ಒದ್ದಾಡಬೇಕು. ಶಕ್ತಿಗೆ ದಾರಿಯ ಆಕಾರ ಬೇಕಿಲ್ಲ. ಘರ್ಷಣೆ ಇಲ್ಲದಿದ್ದರೆ, ಉರುಳದೆ ಸುಮ್ನೆ ಜಾರಿದರೆ, ಉತ್ತರ ಅದೇ 9.9.

ಚಿತ್ರ ಬರೆಯಲೇಬೇಕಾ?

ಬರೆಯಿರಿ. ಚೆಂದ ಇರಬೇಕಾಗಿಲ್ಲ, ಒಂದು ಚೌಕ, ನಾಲ್ಕು ಬಾಣ ಸಾಕು. ಬಾಣ ಹಾಕುವಾಗ ಒಂದು ಶಿಸ್ತು ಇಟ್ಟುಕೊಳ್ಳಿ: ವಸ್ತುವನ್ನು ಮುಟ್ಟುತ್ತಿರುವುದು ಯಾವುದೆಲ್ಲ ಅಂತ ನೋಡಿ, ಅವು ಕೊಡುವ ಬಲಗಳನ್ನು ಹಾಕಿ, ಕೊನೆಗೆ ಗುರುತ್ವವನ್ನು ಸೇರಿಸಿ. ದಿನನಿತ್ಯದ ಲೆಕ್ಕಗಳಲ್ಲಿ ಬೇರೆ ಬಲ ಇರುವುದು ಅಪರೂಪ. ಆಯಸ್ಕಾಂತವೋ ವಿದ್ಯುದಾವೇಶವೋ ಇದ್ದರೆ ಲೆಕ್ಕದಲ್ಲೇ ಹೇಳಿರುತ್ತಾರೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮೇಲಕ್ಕೆ ಎಸೆದ ಚೆಂಡು ಏರುತ್ತಿರುವಾಗ ಮೇಲ್ಮುಖವಾಗಿ ಒಂದು ಬಾಣ ಹಾಕುತ್ತಾರೆ, "ಎಸೆದ ಬಲ" ಅಂತ. ಕೈ ಬಿಟ್ಟ ಮೇಲೆ ಆ ಬಲ ಎಲ್ಲಿಂದ ಬರಬೇಕು? ಕೈ ಈಗ ಚೆಂಡನ್ನು ಮುಟ್ಟುತ್ತಿಲ್ಲವಲ್ಲ. ಅದರ ಮೇಲಿರುವುದು ಕೆಳಮುಖದ ಗುರುತ್ವ, ಜೊತೆಗೆ ಸ್ವಲ್ಪ ಗಾಳಿಯ ತಡೆ. ಚೆಂಡು ಮೇಲೆ ಹೋಗುತ್ತಿರುವುದು ಅದಕ್ಕೆ ಮೊದಲೇ ವೇಗ ಇದ್ದದ್ದರಿಂದ. ವೇಗ ಯಾವ ಕಡೆಗೋ ಬಲವೂ ಆ ಕಡೆಗೇ ಇರಬೇಕು ಅಂತೇನಿಲ್ಲ.

ಏಕಮಾನಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ನಾಶವಾಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಕಡೆ ಅದನ್ನು ನ್ಯೂಟನ್ (ಬಲದ ಮೆಟ್ರಿಕ್ ಏಕಮಾನ) ಅಂದುಕೊಂಡಿತ್ತು. ನೌಕೆ ಮಂಗಳಕ್ಕೆ ಇರಬೇಕಾದ್ದಕ್ಕಿಂತ ತೀರಾ ಹತ್ತಿರ ಹೋಗಿಬಿಟ್ಟಿತು.

ನಿಮ್ಮ ಲೆಕ್ಕಕ್ಕೆ ಬೇಕಾದ್ದು ಇಷ್ಟೇ: ಶುರುವಿನಲ್ಲೇ ಎಲ್ಲವನ್ನೂ ಮೀಟರ್, ಕಿಲೋಗ್ರಾಂ, ಸೆಕೆಂಡಿಗೆ ತಂದುಬಿಡಿ. ಗಂಟೆಗೆ ಕಿಲೋಮೀಟರ್‌ನಲ್ಲಿರುವ ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಮೀಟರ್ ಸಿಗುತ್ತದೆ. 72 ಅಂದರೆ 20. ಒಂದು ಲೀಟರ್ ಒಂದು ಘನ ಮೀಟರಿನ ಸಾವಿರದಲ್ಲಿ ಒಂದು ಪಾಲು. ಚದರ ಸೆಂಟಿಮೀಟರ್ ಇದ್ದರೆ ಹುಷಾರು. ಒಂದು ಚದರ ಮೀಟರಿನಲ್ಲಿ ಅಂಥವು 100 ಇಲ್ಲ, 10,000 ಇವೆ.

ಗುರುತ್ವ ವೇಗೋತ್ಕರ್ಷ 9.8 ಹಾಕಬೇಕಾ, 10 ಹಾಕಬೇಕಾ?

ಅಂದಾಜಿಗೆ 10 ಹಾಕಿ. ತಪ್ಪು ನೂರಕ್ಕೆ ಎರಡು ಅಷ್ಟೇ. ನಿಜಕ್ಕೂ ಅದು ಎಲ್ಲ ಕಡೆ ಒಂದೇ ಇಲ್ಲ. ಸಮಭಾಜಕದ ಹತ್ತಿರ 9.78, ಧ್ರುವಗಳಲ್ಲಿ 9.83. ಹಾಗಾಗಿ 9.80665 ಅಂತ ಹಾಕಿ ಎಂಟು ದಶಮಾಂಶ ಸ್ಥಾನದ ಉತ್ತರ ಬರೆಯುವುದರಲ್ಲಿ ಅರ್ಥವಿಲ್ಲ. ಕೊಟ್ಟ ಅಂಕಿಗಳು ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರ.

ಹೋಗುವಾಗ ಗಂಟೆಗೆ 40 ಕಿ.ಮೀ., ಬರುವಾಗ 60. ಸರಾಸರಿ 50 ಯಾಕೆ ಆಗುವುದಿಲ್ಲ?

ನಿಧಾನ ಹೋದ ಹೊತ್ತು ಜಾಸ್ತಿ ಇರುವುದರಿಂದ. ದೂರ 120 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. ಸರಾಸರಿ 48. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಬೇಕು, ಯಾವಾಗಲೂ.

ಇದರದ್ದೇ ಇನ್ನೊಂದು ಚೇಷ್ಟೆಯ ರೂಪ ಇದೆ. ಅರ್ಧ ದಾರಿಯನ್ನು ಗಂಟೆಗೆ 30ರಂತೆ ಹೋಗಿದ್ದೀರಿ. ಒಟ್ಟು ಸರಾಸರಿ 60 ಬರಬೇಕಾದರೆ ಉಳಿದರ್ಧವನ್ನು ಎಷ್ಟು ವೇಗದಲ್ಲಿ ಹೋಗಬೇಕು? 90 ಅಂತ ಬಾಯಿಗೆ ಬರುತ್ತದೆ. ಆದರೆ ಅದು ಸಾಧ್ಯವೇ ಇಲ್ಲ. ಪೂರ್ತಿ ಪ್ರಯಾಣಕ್ಕೆ ಸಿಗಬೇಕಿದ್ದ ಸಮಯವೆಲ್ಲ ಮೊದಲ ಅರ್ಧದಲ್ಲೇ ಖರ್ಚಾಗಿದೆ.

ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದಂತೆ. ಹೇಗೆ?

ಇದನ್ನು ಶಕ್ತಿಯ ಕಡೆಯಿಂದ ನೋಡಿದರೆ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಗಾಡಿಯ ಚಲನ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಬ್ರೇಕ್ ಹಾಕಿದಾಗ ರಸ್ತೆಯ ಘರ್ಷಣೆ ಆ ಶಕ್ತಿಯನ್ನೆಲ್ಲ ತೆಗೆಯಬೇಕು. ಘರ್ಷಣೆಯ ಬಲ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬಲ ಬದಲಾಗದೆ ತೆಗೆಯಬೇಕಾದ ಶಕ್ತಿ ನಾಲ್ಕು ಪಟ್ಟಾದರೆ, ದೂರವೇ ನಾಲ್ಕು ಪಟ್ಟಾಗಬೇಕು.

ಅಂಕಿ ಹಾಕಿ ನೋಡೋಣ. ಒಣ ರಸ್ತೆ, ಒಳ್ಳೆಯ ಟೈರು, ಘರ್ಷಣಾ ಗುಣಾಂಕ 0.7 ಅಂತ ಹಿಡಿಯಿರಿ, ಅಂದರೆ ಘರ್ಷಣೆಯ ಬಲ ಗಾಡಿಯ ತೂಕದ 0.7 ಪಾಲು. ನಿಲ್ಲುವ ದೂರ = ವೇಗದ ವರ್ಗ ÷ (2 × 0.7 × 9.8). ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ದೂರ ಸುಮಾರು 20 ಮೀಟರ್. 120 ಆದರೆ ಸುಮಾರು 81 ಮೀಟರ್. ಕಾಲು ಬ್ರೇಕಿನ ಮೇಲೆ ಬೀಳುವ ಮೊದಲು ಕಳೆಯುವ ಒಂದು ಸೆಕೆಂಡನ್ನೂ ಸೇರಿಸಬೇಕು. ಆಗ 60ರಲ್ಲಿ ಸುಮಾರು 37 ಮೀಟರ್, 120ರಲ್ಲಿ ಸುಮಾರು 114 ಮೀಟರ್.

ಗಮನಿಸಿ, ಸೂತ್ರದಲ್ಲಿ ದ್ರವ್ಯರಾಶಿ ಇಲ್ಲ. ಭಾರದ ಗಾಡಿಗೆ ಶಕ್ತಿ ಜಾಸ್ತಿ, ರಸ್ತೆಯ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಜಾಸ್ತಿ. ಹಾಗಂತ ದೊಡ್ಡ ಲಾರಿ ಕಾರಿನಷ್ಟೇ ದೂರದಲ್ಲಿ ನಿಲ್ಲುತ್ತದೆ ಅಂತ ತಿಳಿಯಬೇಡಿ. ಅದರ ಬ್ರೇಕು ಹಿಡಿಯಲು ತಡ, ಬಿಸಿಯೂ ಜಾಸ್ತಿ. ಆ ಅಂಶಗಳನ್ನು ನಮ್ಮ ಸೂತ್ರ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನನಗೆ ತುಂಬಾ ಇಷ್ಟವಾದ ಲೆಕ್ಕ ಇದರ ಮುಂದಿನದು. ಎರಡು ಒಂದೇ ಥರದ ಕಾರುಗಳು ಪಕ್ಕಪಕ್ಕದಲ್ಲಿ ಹೋಗುತ್ತಿವೆ. ಒಂದರ ವೇಗ 70, ಇನ್ನೊಂದರದು 100. ಎದುರಿಗೆ ಅಡ್ಡ ಬಿದ್ದ ಮರ. ಎರಡೂ ಒಂದೇ ಜಾಗದಲ್ಲಿ ಬ್ರೇಕ್ ಹಾಕುತ್ತವೆ. 70ರ ಕಾರು ಮರಕ್ಕೆ ತಾಗುವ ಮೊದಲು, ಕೂದಲೆಳೆಯಲ್ಲಿ ನಿಲ್ಲುತ್ತದೆ. 100ರ ಕಾರು ಯಾವ ವೇಗದಲ್ಲಿ ಮರಕ್ಕೆ ಗುದ್ದುತ್ತದೆ? 30 ಅಂತ ಅನ್ನಿಸುತ್ತದೆ ಅಲ್ವಾ? ಎರಡೂ ಕಾರು ಕಳೆದುಕೊಂಡದ್ದು ಒಂದೇ ಶಕ್ತಿ, 70ರ ವರ್ಗದಷ್ಟು. 100ರ ವರ್ಗ 10,000. ಅದರಲ್ಲಿ 4,900 ಕಳೆದರೆ 5,100. ವರ್ಗಮೂಲ 71. ಮೊದಲ ಕಾರು ಬ್ರೇಕ್ ಹಾಕುವ ಮುಂಚೆ ಎಷ್ಟು ವೇಗದಲ್ಲಿತ್ತೋ ಅದಕ್ಕಿಂತ ಚೂರು ಜಾಸ್ತಿ ವೇಗದಲ್ಲಿ ಎರಡನೆಯದು ಗುದ್ದುತ್ತದೆ.

ಶಕ್ತಿ ವೇಗದಂತೆ ಏರುತ್ತದೋ, ವೇಗದ ವರ್ಗದಂತೋ ಅಂತ ಹಿಂದೆ ದೊಡ್ಡ ಜಗಳವೇ ನಡೆದಿತ್ತು. 1720ರ ದಶಕದಲ್ಲಿ ಡಚ್ ವಿಜ್ಞಾನಿ ವಿಲೆಮ್ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿಗೆ ಬೀಳಿಸಿ ನೋಡಿದ. ಎರಡು ಪಟ್ಟು ವೇಗದ ಗುಂಡು ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ಫ್ರಾನ್ಸಿನ ಎಮಿಲಿ ದು ಶಾತಲೆ ಈ ಪ್ರಯೋಗದ ಮಹತ್ವವನ್ನು ಎತ್ತಿ ಹಿಡಿದು ವರ್ಗದ ಪರವಾಗಿ ವಾದಿಸಿದಳು.

ಭಾರದ್ದು ಬೇಗ ಬೀಳುವುದಿಲ್ಲವಾ?

ಗಾಳಿ ಇಲ್ಲದಿದ್ದರೆ ಇಲ್ಲ. ಭಾರದ ಕಲ್ಲನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ, ನಿಜ. ಆದರೆ ಅದನ್ನು ಅಲುಗಾಡಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಒಂದು ಸುತ್ತಿಗೆ, ಒಂದು ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಗೆಲಿಲಿಯೊನ ವಾದಕ್ಕೆ ಪ್ರಯೋಗವೂ ಬೇಡ. ಭಾರದ್ದು ಬೇಗ, ಹಗುರದ್ದು ನಿಧಾನ ಅಂತ ಒಪ್ಪಿಕೊಳ್ಳಿ. ಎರಡನ್ನೂ ದಾರದಿಂದ ಕಟ್ಟಿ. ಹಗುರದ್ದು ಭಾರದ್ದನ್ನು ಹಿಂದಕ್ಕೆ ಎಳೆಯಬೇಕು, ಆದ್ದರಿಂದ ಜೋಡಿ ನಿಧಾನ ಆಗಬೇಕು. ಆದರೆ ಜೋಡಿ ಇನ್ನೂ ಭಾರ, ಆದ್ದರಿಂದ ಬೇಗ ಆಗಬೇಕು. ಎರಡೂ ಆಗಲು ಸಾಧ್ಯವಿಲ್ಲ. ಒಪ್ಪಿಕೊಂಡದ್ದೇ ತಪ್ಪು.

ಬಾವಿಗೆ ಕಲ್ಲು ಹಾಕಿದೆ. 3 ಸೆಕೆಂಡಿಗೆ ಸದ್ದು ಕೇಳಿತು. ಆಳ ಎಷ್ಟು?

ಇಲ್ಲಿ ಸಮಯ ಇದೆ, ಹಾಗಾಗಿ ಚಲನೆಯ ಸಮೀಕರಣ. ದೂರ = ½ × 9.8 × ಸಮಯದ ವರ್ಗ = 44 ಮೀಟರ್. ಆದರೆ ಆ 3 ಸೆಕೆಂಡಿನಲ್ಲಿ ಸದ್ದು ಮೇಲೆ ಬರಲು ಹಿಡಿದ ಹೊತ್ತೂ ಸೇರಿದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 44 ಮೀಟರ್ ಬರಲು 0.13 ಸೆಕೆಂಡ್. ಹಾಗಾದರೆ ಕಲ್ಲು ಬಿದ್ದದ್ದು 2.87 ಸೆಕೆಂಡ್, ಆಳ ಸುಮಾರು 40.4. ಈ ಹೊಸ ಆಳ ಇಟ್ಟುಕೊಂಡು ಇನ್ನೊಮ್ಮೆ ಮಾಡಿದರೆ 40.6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ವರ್ಗ ಸಮೀಕರಣ ಬಿಡಿಸುವ ಕಷ್ಟವೇ ಬೇಡ. ಹೀಗೆ ಒಂದು ಅಂದಾಜು ಹಾಕಿ, ಅದನ್ನೇ ತಿದ್ದುತ್ತಾ ಹೋಗುವ ರೂಢಿ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ.

ಮಿಂಚು ಎಷ್ಟು ದೂರದಲ್ಲಿ ಹೊಡೆಯಿತು ಅಂತ ತಿಳಿಯುವುದು ಹೇಗೆ?

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, 3ರಿಂದ ಭಾಗಿಸಿ. ಕಿಲೋಮೀಟರ್ ಸಿಗುತ್ತದೆ.

ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತರೆ ಅಂಕಿ ಯಾಕೆ ಬದಲಾಗುತ್ತದೆ?

ಯಂತ್ರಕ್ಕೆ ಗೊತ್ತಾಗುವುದು ನಿಮ್ಮ ಕಾಲು ಅದನ್ನು ಎಷ್ಟು ಒತ್ತುತ್ತಿದೆ ಅನ್ನುವುದು ಮಾತ್ರ. ನೀವು 60 ಕಿಲೋ ಇದ್ದೀರಿ, ಲಿಫ್ಟ್ ಮೇಲ್ಮುಖವಾಗಿ 2 ವೇಗೋತ್ಕರ್ಷದಿಂದ, ಅಂದರೆ ವೇಗ ಪ್ರತಿ ಸೆಕೆಂಡಿಗೆ 2 ಮೀಟರ್/ಸೆಕೆಂಡಿನಷ್ಟು ಏರುತ್ತಾ, ಹೊರಟಿದೆ ಅನ್ನಿ. ಯಂತ್ರ ನಿಮ್ಮನ್ನು ಹೊತ್ತುಕೊಳ್ಳಬೇಕು, ಜೊತೆಗೆ ವೇಗವನ್ನೂ ಕೊಡಬೇಕು. 60 × (9.8 + 2) = 708 ನ್ಯೂಟನ್. ಅಂಕಿ 72 ಕಿಲೋ ಅಂತ ತೋರಿಸುತ್ತದೆ. ಲಿಫ್ಟ್ ಒಂದೇ ವೇಗದಲ್ಲಿ ಸಾಗುವಾಗ, ಅದು ಎಷ್ಟೇ ಜೋರಾಗಿರಲಿ, ಅಂಕಿ 60. ಮೇಲೆ ಹೋಗಿ ನಿಲ್ಲಲು ವೇಗ ಕಡಿಮೆಯಾಗುವಾಗ ಸುಮಾರು 48. ಪರೀಕ್ಷೆಯಲ್ಲಿ "ಲಿಫ್ಟ್ ಮೇಲೆ ಹೋಗುತ್ತಿದೆ" ಅಂತ ಓದಿದ ಕೂಡಲೇ ಕೂಡಿಸಲು ಹೋಗಬೇಡಿ. ವೇಗ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ಹಾಗಾದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲವಾ?

ಧಾರಾಳವಾಗಿ ಇದೆ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ನಾವು 6,371 ಕಿ.ಮೀ. ದೂರ, ನಿಲ್ದಾಣದಲ್ಲಿರುವವರು 6,771. ಅನುಪಾತದ ವರ್ಗ ತೆಗೆದರೆ ಅಲ್ಲಿನ ಗುರುತ್ವ ಇಲ್ಲಿನದರ ನೂರಕ್ಕೆ 89 ಪಾಲು. ಅವರು ತೇಲುವುದು ಯಾಕೆಂದರೆ ನಿಲ್ದಾಣ, ಅದರ ನೆಲ, ಅದರೊಳಗಿನ ಜನ ಎಲ್ಲ ಒಟ್ಟಿಗೆ ಬೀಳುತ್ತಿದ್ದಾರೆ. ಹಗ್ಗ ಕಡಿದ ಲಿಫ್ಟಿನಲ್ಲಿ ತೂಕದ ಯಂತ್ರ ಸೊನ್ನೆ ತೋರಿಸುವುದೂ ಇದೇ ಕಾರಣಕ್ಕೆ. ನಿಲ್ದಾಣಕ್ಕೆ ಅಡ್ಡವಾಗಿ ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗ ಇರುವುದರಿಂದ ಬಿದ್ದರೂ ಭೂಮಿಗೆ ತಾಗದೆ ಸುತ್ತುತ್ತಲೇ ಇರುತ್ತದೆ.

ಶಕ್ತಿ ನಾಶವಾಗುವುದಿಲ್ಲ ಅಂತಾರೆ. ಮತ್ತೆ ಪುಟಿಯುವ ಚೆಂಡು ನಿಲ್ಲುವುದು ಯಾಕೆ?

ಶಕ್ತಿಯ ಲೆಕ್ಕವನ್ನು ಜಮಾ ಖರ್ಚಿನ ಪುಸ್ತಕದ ಹಾಗೆ ಬರೆಯಿರಿ. ಎಲ್ಲೋ ಕಡಿಮೆಯಾದರೆ ಇನ್ನೆಲ್ಲೋ ಅಷ್ಟೇ ಏರಿರಬೇಕು. ಲೆಕ್ಕ ಹೊಂದದಿದ್ದರೆ ಒಂದು ಸಾಲು ಬರೆಯುವುದು ಬಿಟ್ಟುಹೋಗಿದೆ ಅಂತ ಅರ್ಥ. ಬಿಟ್ಟುಹೋದ ಸಾಲು ಬಹುಪಾಲು ಶಾಖವೇ ಆಗಿರುತ್ತದೆ.

1 ಮೀಟರ್ ಎತ್ತರದಿಂದ ಬಿಟ್ಟ ಚೆಂಡು 60 ಸೆಂಟಿಮೀಟರ್ ಪುಟಿಯಿತು ಅಂದರೆ ನೂರರಲ್ಲಿ 40 ಪಾಲು ಶಕ್ತಿ ಚೆಂಡನ್ನೂ ನೆಲವನ್ನೂ ಒಂಚೂರು ಬಿಸಿ ಮಾಡಲು ಹೋಯಿತು. ಸ್ವಲ್ಪ ಸದ್ದಾಯಿತು. ಮೂರನೆಯ ಪುಟಿತ 0.6 × 0.6 × 0.6, ಅಂದರೆ ಸುಮಾರು 22 ಸೆಂಟಿಮೀಟರ್.

ಆ ಬಿಸಿ ನಮ್ಮ ಕೈಗೆ ಯಾಕೆ ತಿಳಿಯುವುದಿಲ್ಲ? ಯಾಕೆಂದರೆ ಬಿಸಿ ಮಾಡಲು ಬೇಕಾಗುವ ಶಕ್ತಿಯ ಮುಂದೆ ಎತ್ತರದ ಶಕ್ತಿ ತೀರಾ ಸಣ್ಣದು. 100 ಮೀಟರ್ ಜಲಪಾತದಲ್ಲಿ ಬೀಳುವ 1 ಕಿಲೋ ನೀರಿಗೆ 980 ಜೂಲ್ (ಶಕ್ತಿಯ ಏಕಮಾನ) ಸಿಗುತ್ತದೆ. 1 ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. ಅಷ್ಟು ಎತ್ತರದಿಂದ ಬಿದ್ದರೂ ಏರುವುದು ಕಾಲು ಡಿಗ್ರಿಯೂ ಇಲ್ಲ. 1840ರ ದಶಕದಲ್ಲಿ ಜೇಮ್ಸ್ ಜೂಲ್ ತೂಕದ ಕಲ್ಲುಗಳನ್ನು ಕೆಳಗಿಳಿಸಿ, ಅದರಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ಇಷ್ಟು ಸಣ್ಣ ಏರಿಕೆಯನ್ನು ಅಳೆದದ್ದು ಅದಕ್ಕೇ ದೊಡ್ಡ ಸಾಹಸ.

ಭಾರದ ಚೀಲ ಹಿಡಿದು ಅರ್ಧ ಗಂಟೆ ನಿಂತೆ. ಕೆಲಸವೇ ಆಗಿಲ್ಲ ಅಂದರೆ ಕೈ ಯಾಕೆ ನೋಯುತ್ತದೆ?

ಭೌತಶಾಸ್ತ್ರದಲ್ಲಿ ಬಲ ಹಾಕಿದ ವಸ್ತು ಆ ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಕೆಲಸ. ಇಲ್ಲಿ ಚೀಲಕ್ಕೆ ಶಕ್ತಿ ಹೋಗಿಲ್ಲ, ಅಷ್ಟೇ. ಅದು ಇದ್ದಲ್ಲೇ ಇದೆ. ಮೇಜು ಕೂಡ ಇದೇ ಚೀಲವನ್ನು ವರ್ಷಗಟ್ಟಲೆ ಹೊತ್ತಿರುತ್ತದೆ, ಏನೂ ಖರ್ಚಿಲ್ಲದೆ. ನಿಮ್ಮ ಸ್ನಾಯುಗಳು ಮೇಜಿನ ಹಾಗಲ್ಲ. ಬಿಗಿ ಹಿಡಿದಿರಲು ಅವುಗಳ ಎಳೆಗಳು ಒಂದೇ ಸಮನೆ ಎಳೆದು ಬಿಡುತ್ತಾ ಇರಬೇಕು, ಅದಕ್ಕೆ ಶಕ್ತಿ ಬೇಕು. ಆ ಶಕ್ತಿ ಮೈ ಬಿಸಿಯಾಗಿ ಹೊರಗೆ ಹೋಗುತ್ತದೆ.

ಒಂದು ಲೀಟರ್ ನೀರು ಕುದಿಯಲು ಎಷ್ಟು ಹೊತ್ತು ಬೇಕು? ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ಬೇಗ ಬೇಯುತ್ತದಾ?

25 ಡಿಗ್ರಿಯಿಂದ 100ಕ್ಕೆ, ಅಂದರೆ 75 ಡಿಗ್ರಿ ಏರಿಸಬೇಕು. 4,200 × 75 = 3,15,000 ಜೂಲ್. ಕೆಟಲ್ 1,500 ವ್ಯಾಟಿನದಾದರೆ ಸೆಕೆಂಡಿಗೆ 1,500 ಜೂಲ್ ಕೊಡುತ್ತದೆ. ಭಾಗಿಸಿದರೆ 210 ಸೆಕೆಂಡ್, ಮೂರೂವರೆ ನಿಮಿಷ. ನಿಜವಾಗಿ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಪಾತ್ರೆಯೂ ಬಿಸಿಯಾಗಬೇಕು, ಸುತ್ತಲ ಗಾಳಿಗೂ ಶಾಖ ಹೋಗುತ್ತದೆ.

ಆದರೆ ಆ ನೀರನ್ನು ಪೂರ್ತಿ ಆವಿ ಮಾಡಬೇಕಾದರೆ? ಕಿಲೋಗೆ ಸುಮಾರು 22,60,000 ಜೂಲ್ ಬೇಕು. ಅದೇ ಕೆಟಲ್‌ಗೆ 25 ನಿಮಿಷ. ಕುದಿಸುವುದಕ್ಕಿಂತ ಆವಿ ಮಾಡುವುದಕ್ಕೆ ಏಳು ಪಟ್ಟು ಶಕ್ತಿ. ಕುದಿಯುವಾಗ ಕೊಟ್ಟ ಶಾಖವೆಲ್ಲ ಆವಿಯ ಪಾಲಾಗುತ್ತದೆ, ನೀರು 100 ಡಿಗ್ರಿಯಿಂದ ಮೇಲೆ ಹೋಗುವುದಿಲ್ಲ. ಹಾಗಾಗಿ ಉರಿ ಜೋರು ಮಾಡಿದರೆ ನೀರು ಬೇಗ ಇಂಗುತ್ತದೆ, ಒಳಗಿನ ಪದಾರ್ಥ ಬೇಗ ಬೇಯುವುದಿಲ್ಲ. ಸಣ್ಣ ಉರಿ ಇಟ್ಟು ಮುಚ್ಚಳ ಮುಚ್ಚಿ.

ಬೇಗ ಬೇಯಬೇಕಾದರೆ ಕುದಿಯುವ ಬಿಂದುವನ್ನೇ ಏರಿಸಬೇಕು. ಪ್ರೆಶರ್ ಕುಕ್ಕರ್ ಮಾಡುವುದು ಅದನ್ನೇ. ಒಳಗಿನ ಒತ್ತಡ ಹೊರಗಿನದರ ಎರಡು ಪಟ್ಟಾದರೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಎವರೆಸ್ಟ್ ತುದಿಯಲ್ಲಿ ಇದರ ಉಲ್ಟಾ. ಅಲ್ಲಿ ಸುಮಾರು 70 ಡಿಗ್ರಿಗೇ ಕುದಿ ಬರುತ್ತದೆ.

ಒಂದು ಕಿಲೋವ್ಯಾಟ್ ಗಂಟೆ ಅಂದರೆ ಎಷ್ಟು?

36 ಲಕ್ಷ ಜೂಲ್. ಕೇಳಲು ಸಣ್ಣದು, ಆದರೆ ಅಷ್ಟು ಶಕ್ತಿಯಲ್ಲಿ ಒಂದು ಟನ್ ಭಾರವನ್ನು 367 ಮೀಟರ್ ಮೇಲೆ ಎತ್ತಬಹುದು. ಇನ್ನೊಂದು ಮಾತು: ಕಿಲೋವ್ಯಾಟ್ ಅನ್ನುವುದು ಶಕ್ತಿ ಹರಿಯುವ ದರ, ಅದನ್ನು ಗಂಟೆಯಿಂದ ಗುಣಿಸಿದಾಗ ಶಕ್ತಿ ಸಿಗುತ್ತದೆ. "ಗಂಟೆಗೆ ಕಿಲೋವ್ಯಾಟ್" ಅಂತ ಬರೆಯುವವರು ಗುಣಿಸುವ ಬದಲು ಭಾಗಿಸಿಬಿಟ್ಟಿರುತ್ತಾರೆ.

ನೀರು ತಣ್ಣಗೆ ಮಾಡಲು ಐಸ್ ಮೇಲೋ, ಅಷ್ಟೇ ತೂಕದ ತಣ್ಣೀರು ಮೇಲೋ?

ಐಸ್, ಅದೂ ಬಹಳ ಮೇಲು. 80 ಡಿಗ್ರಿಯ 200 ಗ್ರಾಂ ನೀರಿಗೆ ಸೊನ್ನೆ ಡಿಗ್ರಿಯ 50 ಗ್ರಾಂ ನೀರು ಹಾಕಿದರೆ 64 ಡಿಗ್ರಿಗೆ ಇಳಿಯುತ್ತದೆ. ಸೊನ್ನೆ ಡಿಗ್ರಿಯ 50 ಗ್ರಾಂ ಐಸ್ ಹಾಕಿದರೆ ಸುಮಾರು 48ಕ್ಕೆ. ಕರಗಲು ಗ್ರಾಂಗೆ 334 ಜೂಲ್ ಬೇಕು, ಐಸ್ ಅದನ್ನು ಬಿಸಿ ನೀರಿನಿಂದಲೇ ಕಿತ್ತುಕೊಳ್ಳುತ್ತದೆ.

ಒಂದೇ ಕೋಣೆಯಲ್ಲಿರುವ ಕಬ್ಬಿಣ ಮರಕ್ಕಿಂತ ತಣ್ಣಗಿರುವುದು ಯಾಕೆ?

ತಣ್ಣಗಿಲ್ಲ, ಎರಡರದ್ದೂ ಒಂದೇ ಉಷ್ಣತೆ. ಕಬ್ಬಿಣ ನಿಮ್ಮ ಬೆರಳಿನ ಶಾಖವನ್ನು ಬೇಗ ಎಳೆದುಕೊಂಡು ಒಳಗೆ ಸಾಗಿಸುತ್ತದೆ. ಚರ್ಮಕ್ಕೆ ಗೊತ್ತಾಗುವುದು ಶಾಖ ಎಷ್ಟು ಬೇಗ ಹೋಗುತ್ತಿದೆ ಅನ್ನುವುದು. ಅದೇ ಕಾರಣಕ್ಕೆ ಬಿಸಿಲಿನಲ್ಲಿ ಕಬ್ಬಿಣ ಮರಕ್ಕಿಂತ ಜಾಸ್ತಿ ಸುಡುತ್ತದೆ.

ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದಾ?

ಇಲ್ಲ, ಬಿಸಿಯಾಗುತ್ತದೆ. ಮುಂದಿನಿಂದ ತೆಗೆದ ಶಾಖವನ್ನು ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ. ಮೋಟಾರು ತಿಂದ ವಿದ್ಯುತ್ತೂ ಶಾಖವಾಗಿ ಅದಕ್ಕೆ ಸೇರುತ್ತದೆ.

ಲೋಟದ ಅಂಚಿನವರೆಗೆ ನೀರು, ಮೇಲೆ ಐಸ್ ತೇಲುತ್ತಿದೆ. ಕರಗಿದರೆ ಚೆಲ್ಲುತ್ತದಾ?

ಚೆಲ್ಲುವುದಿಲ್ಲ. ತೇಲುವ ಐಸ್ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಕರಗಿದಾಗ ಅದು ಅಷ್ಟೇ ತೂಕದ ನೀರಾಗಿ ಆ ಜಾಗವನ್ನು ತುಂಬುತ್ತದೆ.

ಇದು ಸುಲಭ ಅನ್ನಿಸಿದರೆ ಇನ್ನೊಂದು. ಸಣ್ಣ ಕೊಳದಲ್ಲಿ ದೋಣಿ, ದೋಣಿಯಲ್ಲಿ ದೊಡ್ಡ ಕಲ್ಲು. ಕಲ್ಲನ್ನು ನೀರಿಗೆ ಎಸೆದರೆ ಕೊಳದ ಮಟ್ಟ ಏರುತ್ತದೋ, ಇಳಿಯುತ್ತದೋ? ಇಳಿಯುತ್ತದೆ. ದೋಣಿಯಲ್ಲಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಸರಿಸಿತ್ತು. ಮುಳುಗಿದ ಮೇಲೆ ತನ್ನ ಗಾತ್ರದಷ್ಟು ಮಾತ್ರ ಸರಿಸುತ್ತದೆ. ಕಲ್ಲು ನೀರಿಗಿಂತ ಸಾಂದ್ರ, ಹಾಗಾಗಿ ಎರಡನೆಯದು ಕಡಿಮೆ. ತೂಕದಲ್ಲಿ ಯೋಚಿಸಬೇಕೋ ಗಾತ್ರದಲ್ಲೋ ಅನ್ನುವುದು ವಸ್ತು ತೇಲುತ್ತಿದೆಯೋ ಮುಳುಗಿದೆಯೋ ಅನ್ನುವುದರ ಮೇಲೆ ನಿಂತಿದೆ.

ಗಾಳಿಗೆ ತೂಕ ಇದೆಯಾ?

4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದರೆ 36 ಘನ ಮೀಟರ್. ಘನ ಮೀಟರಿಗೆ ಗಾಳಿ ಸುಮಾರು 1.2 ಕಿಲೋ. ಕೋಣೆಯ ಗಾಳಿ 43 ಕಿಲೋ ತೂಗುತ್ತದೆ! ನಮ್ಮ ಮೇಲಿರುವ ಇಡೀ ವಾತಾವರಣ ಒಂದು ಚದರ ಮೀಟರ್ ಜಾಗವನ್ನು ಸುಮಾರು 10 ಟನ್ ಭಾರದಷ್ಟು ಒತ್ತುತ್ತದೆ.

ಸ್ಟ್ರಾದಲ್ಲಿ ನೀರು ಹೀರುವಾಗ ಕೆಲಸ ಮಾಡುವುದೂ ಈ ಒತ್ತಡವೇ. ನೀವು ಸ್ಟ್ರಾದ ಒಳಗಿನ ಗಾಳಿ ತೆಗೆಯುತ್ತೀರಿ, ಹೊರಗಿನ ಗಾಳಿ ನೀರನ್ನು ಮೇಲೆ ತಳ್ಳುತ್ತದೆ. ಅದಕ್ಕೆ ತಳ್ಳಲು ಆಗುವುದು ಸುಮಾರು 10.3 ಮೀಟರ್ ಮಾತ್ರ. ಎಷ್ಟೇ ಬಲವಾದ ಪಂಪ್ ಮೇಲಿಟ್ಟು ಹೀರಿದರೂ ಅದಕ್ಕಿಂತ ಆಳದ ನೀರು ಬರುವುದಿಲ್ಲ. ಪಂಪನ್ನು ಕೆಳಗಿಳಿಸಿ, ನೀರನ್ನು ಕೆಳಗಿನಿಂದ ತಳ್ಳಬೇಕು. 1643ರಲ್ಲಿ ಟೊರಿಚೆಲ್ಲಿ ನೀರಿನ ಬದಲು 13.6 ಪಟ್ಟು ಸಾಂದ್ರವಾದ ಪಾದರಸ ಬಳಸಿದ್ದರಿಂದ ಅವನ ನಳಿಕೆಯಲ್ಲಿ 76 ಸೆಂಟಿಮೀಟರ್ ಸಾಕಾಯಿತು. 0.76 × 13.6 ಮಾಡಿ ನೋಡಿ, ಅದೇ 10.3 ಬರುತ್ತದೆ.

ಸೀಟ್ ಬೆಲ್ಟ್ ಹಾಕಿದರೂ ಕಾರು ನಿಲ್ಲುತ್ತದೆ, ಹಾಕದಿದ್ದರೂ ನಿಲ್ಲುತ್ತದೆ. ವ್ಯತ್ಯಾಸ ಎಲ್ಲಿ?

ನೀವು ನಿಲ್ಲಲು ಹಿಡಿಯುವ ಹೊತ್ತಿನಲ್ಲಿ. 60 ಕಿಲೋ ಮನುಷ್ಯ, ಸೆಕೆಂಡಿಗೆ 15 ಮೀಟರ್ ವೇಗ. ಸಂವೇಗ 900. ಇದು ಸೊನ್ನೆಯಾಗಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. 0.1 ಸೆಕೆಂಡಿನಲ್ಲಿ ಸೊನ್ನೆಯಾದರೆ ಸರಾಸರಿ ಬಲ 9,000 ನ್ಯೂಟನ್. 0.01 ಸೆಕೆಂಡಿನಲ್ಲಾದರೆ 90,000, ಅಂದರೆ 9 ಟನ್‌ಗಿಂತ ಜಾಸ್ತಿ ಭಾರ ಮೇಲೆ ಬಿದ್ದ ಹಾಗೆ. ಬೆಲ್ಟ್, ಗಾಳಿಚೀಲ, ನಜ್ಜುಗುಜ್ಜಾಗುವ ಕಾರಿನ ಮೂತಿ ಎಲ್ಲವೂ ಆ ಹೊತ್ತನ್ನು ಎಳೆದು ಉದ್ದ ಮಾಡುವುದಕ್ಕೇ ಇರುವುದು.

ಉತ್ತರ ಬಂತು. ಸರಿ ಇದೆಯಾ ಅಂತ ಪುಸ್ತಕದ ಕೊನೆ ನೋಡದೆ ತಿಳಿಯುವುದು ಹೇಗೆ?

ಏಕಮಾನ ನೋಡಿ. ವೇಗ ಕೇಳಿದ್ದಾಗ ಸೆಕೆಂಡಿಗೆ ಮೀಟರ್ ಬರದಿದ್ದರೆ ಮುಂದೆ ನೋಡುವುದೇ ಬೇಡ. ಆಮೇಲೆ ವಿಪರೀತ ಅಂಕಿಗಳನ್ನು ಹಾಕಿ ನೋಡಿ. ರಾಟೆಯ ಮೇಲೆ ಹಾದ ಹಗ್ಗದ ಎರಡು ತುದಿಗೆ ತೂಕ ಕಟ್ಟಿದ ಲೆಕ್ಕ ಅನ್ನಿ. ಎರಡೂ ಕಡೆ ತೂಕ ಒಂದೇ ಆದರೆ ನಿಮ್ಮ ಸೂತ್ರ ವೇಗೋತ್ಕರ್ಷ ಸೊನ್ನೆ ಅನ್ನಬೇಕು. ಒಂದು ಕಡೆ ಏನೂ ಇಲ್ಲದಿದ್ದರೆ 9.8 ಅನ್ನಬೇಕು. ಅನ್ನದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಮೂರನೆಯದು ಗಾತ್ರದ ಅಂದಾಜು. ಇದರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿಯದು ಎತ್ತಿದ ಕೈ. 1945ರ ಜುಲೈ 16ರಂದು ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಅವರು ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟು, ಸ್ಫೋಟದ ಅಲೆ ಅವನ್ನು ಎಷ್ಟು ದೂರ ತಳ್ಳಿತು ಅಂತ ನೋಡಿ, 10 ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು ಶಕ್ತಿ ಅಂದರು. ನಿಜವಾದದ್ದು 20 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಕಾಗದದ ಚೂರಿಗೆ ಇದು ಸಣ್ಣ ಸಾಧನೆಯಲ್ಲ.

ನಿಮ್ಮ ಅಳತೆಯಲ್ಲೇ ಒಂದು ಮಾಡಿ ನೋಡಿ. 60 ಕಿಲೋ ಮನುಷ್ಯ 3 ಮೀಟರ್ ಮೆಟ್ಟಿಲು ಹತ್ತಿದರೆ 60 × 9.8 × 3 = 1,764 ಜೂಲ್. ಆಹಾರದ ಒಂದು ಕಿಲೋಕ್ಯಾಲೊರಿ ಅಂದರೆ 4,184 ಜೂಲ್. ಹತ್ತಿದ್ದಕ್ಕೆ ಬೇಕಾದದ್ದು ಅರ್ಧ ಕಿಲೋಕ್ಯಾಲೊರಿಯೂ ಇಲ್ಲ. ಸ್ನಾಯುಗಳು ನೂರರಲ್ಲಿ 20ರಿಂದ 25 ಪಾಲನ್ನಷ್ಟೇ ಕೆಲಸವಾಗಿಸುವುದರಿಂದ ದೇಹಕ್ಕೆ ಆಗುವ ಖರ್ಚು ಸುಮಾರು 2. ಯಾರಾದರೂ ಒಂದು ಮಹಡಿ ಹತ್ತಿದರೆ 50 ಕಿಲೋಕ್ಯಾಲೊರಿ ಕರಗುತ್ತದೆ ಅಂದರೆ ನಂಬಬೇಡಿ.

"ಗಾಳಿಯ ತಡೆ ಇಲ್ಲ ಎಂದು ಭಾವಿಸಿ" ಅಂತ ಎಲ್ಲ ಲೆಕ್ಕದಲ್ಲೂ ಇರುತ್ತದೆ. ಇದು ಮೋಸ ಅಲ್ವಾ?

ಕೆಲವು ಕಡೆ ಮೋಸ, ಕೆಲವು ಕಡೆ ಜಾಣತನ. ಎರಡು ಮಹಡಿ ಎತ್ತರದಿಂದ ಬಿಟ್ಟ ಕಲ್ಲಿಗೆ ಗಾಳಿಯನ್ನು ಮರೆತರೆ ಉತ್ತರದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಸೇರಿಸಿಕೊಂಡು ಒದ್ದಾಡಿದರೆ ಸುಮ್ನೆ ಸಮಯ ಹಾಳು. ಆದರೆ 2 ಕಿ.ಮೀ. ಎತ್ತರದ ಮೋಡದಿಂದ ಬೀಳುವ ಮಳೆಹನಿಗೆ ಇದೇ ಲೆಕ್ಕ ಹಾಕಿದರೆ ಸೆಕೆಂಡಿಗೆ 198 ಮೀಟರ್, ಅಂದರೆ ಗಂಟೆಗೆ 700 ಕಿ.ಮೀ.ಗಿಂತ ಜಾಸ್ತಿ ಬರುತ್ತದೆ. ನಿಜಕ್ಕೂ ದೊಡ್ಡ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಸ್ವಲ್ಪ ದೂರ ಬೀಳುವಷ್ಟರಲ್ಲಿ ಗಾಳಿಯ ತಡೆ ಹನಿಯ ತೂಕಕ್ಕೆ ಸರಿಸಮ ಆಗುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ.

ಯಾವಾಗ ಬಿಡಬಹುದು ಅನ್ನುವುದಕ್ಕೆ ದಾರಿ ಇದೆ. ಗಾಳಿ ಇಲ್ಲ ಅಂತ ಮೊದಲು ಲೆಕ್ಕ ಮುಗಿಸಿ, ಕೊನೆಯ ವೇಗ ಕಂಡುಹಿಡಿಯಿರಿ. ಆ ವೇಗದಲ್ಲಿ ಗಾಳಿಯ ತಡೆ ಎಷ್ಟು ಅಂತ ಅಂದಾಜು ಹಾಕಿ. ಅದಕ್ಕೆ ಸೂತ್ರ ½ × ಗಾಳಿಯ ಸಾಂದ್ರತೆ × ಎದುರಿನ ವಿಸ್ತೀರ್ಣ × ವೇಗದ ವರ್ಗ. ದುಂಡಗಿನ ವಸ್ತುವಾದರೆ ಅದರ ಅರ್ಧ ತೆಗೆದುಕೊಳ್ಳಿ. ಬಂದ ಬಲ ವಸ್ತುವಿನ ತೂಕದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆಯಿಂದ ಮರೆಯಿರಿ. ತೂಕಕ್ಕೆ ಹತ್ತಿರ ಬಂದರೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.